ರಾಣಿ ಗೊಂಬೆಗೆ ಕೊಟ್ಟ ಬ್ರೋಚು

ಕಳೆದ ತಿಂಗಳು ಗೋಕುಲಂನಲ್ಲಿ, ಯೋಗ ಕಲಿಯಲು ಬರುವ ವಿದೇಶಿಯರಿಗೆಂದೇ ತೆರೆದಂತಿದ್ದ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಬೆಳ್ಳಿಯ ಚಿಟ್ಟೆ ಕಂಡಿತು. ಸೆರಗಿಗೆ ಚುಚ್ಚಿಕೊಳ್ಳುವ ಬ್ರೋಚು. ನೂರು ವರ್ಷಕ್ಕೂ ಹಳೆಯದು ಎಂದ ಅಂಗಡಿಯವನು. ರೆಕ್ಕೆಯ ಮೇಲೆ ಗಾಜಿನಂಥ ನೀಲಿ ಎನಾಮಲ್, ಒಂದು ಬಿರುಕೂ ಇಲ್ಲ. ಕೈಗೆ ತಗೊಂಡು ನೋಡಿ ಎಂದ. ನಾನು ಮುಟ್ಟಲಿಲ್ಲ. ನಲವತ್ತು ವರ್ಷದ ಹಿಂದಿನ ಸಿಟ್ಟು ಮತ್ತೆ ತಲೆಯೆತ್ತಿತ್ತು...

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ. ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೊಲಿಗೆ ಟೀಚರ್ ನನಗೆ ಯಾವತ್ತೂ ಹಿಡಿಸಲಿಲ್ಲ. ಕಾಂಪೌಂಡಿನ ಆಚೆಯಿಂದಲೇ ನಮ್ಮಮ್ಮನ ಸಾರಿನ ವಾಸನೆ ಹಿಡಿದು, ಹುಳಿ ಜಾಸ್ತಿಯಾಯಿತೆಂದು ತೀರ್ಪು ಕೊಡುತ್ತಿದ್ದರು. ನಾನು ಹೊಲಿದ ಗುಂಡಿ ಕಾಜಾಗಳನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ಇಲಿ ಕಡಿದಂಗಿದೆ ಕಣ್ರೇ" ಎಂದು ಹುಡುಗಿಯರನ್ನು ನಗಿಸಿದ್ದರು. ತನಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎಂಬಂಥ ಹೆಂಗಸು.

ನಮ್ಮಜ್ಜಿಯ ಬಳಿಯೂ ಅಂಥ ಬ್ರೋಚಿತ್ತು. ಚಿಟ್ಟೆಯದಲ್ಲ, ನವಿಲಿನದು. ಮದುವೆಯಾದ ಹೊಸದರಲ್ಲಿ ತಾತ ತಂದುಕೊಟ್ಟದ್ದು. ಉದ್ದ ತೋಳಿನ ರವಿಕೆ ತೊಟ್ಟು, ಹೆಗಲ ಮೇಲೆ ಬ್ರೋಚು ಚುಚ್ಚಿಕೊಳ್ಳುವುದು ಆಗಿನ ಹೆಂಗಸರ ಶೋಕಿ. ತಾತ ಹೋದ ಮೇಲೆ ಅಜ್ಜಿ ಅದನ್ನು ತೊಡಲಿಲ್ಲ. ಆದರೆ ಆಗಾಗ ಡಬ್ಬಿಯಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಗರಿಗಳ ನೀಲಿ ಹಸಿರನ್ನು ಸುಮ್ಮನೆ ನೋಡುತ್ತ ಕೂರುತ್ತಿದ್ದರು. ಬಣ್ಣವೆಂದು ಅವರ ಪಾಲಿಗೆ ಉಳಿದಿದ್ದದ್ದು ಅದೊಂದೇ.

ಒಂದು ನವರಾತ್ರಿಗೆ ಟೀಚರ್ ಬಂದರು. ಗೊಂಬೆ ಕೂರಿಸುವಾಗ ಪಟ್ಟದ ರಾಜ ರಾಣಿ ಗೊಂಬೆಗಳಿಗೆ ತೊಡಿಸಲು ಅಕ್ಕಪಕ್ಕದವರಿಂದ ಒಡವೆ ಕೇಳಿ ತರುವುದು ನಮ್ಮ ಬೀದಿಯ ರೂಢಿ.

"ಹೆಂಗೂ ನೀವು ಹಾಕ್ಕೊಳಂಗಿಲ್ವಲ್ಲ ಅಜ್ಜಿ, ನಮ್ಮ ರಾಣಿಗಾದ್ರೂ ಹಾಕೋಣ, ಕೊಡಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಒಳಗೆ ಹೋಗಿ ಡಬ್ಬಿ ತಂದು ಕೊಟ್ಟರು.

ಎರವಲು ತಂದದ್ದನ್ನು ತಂದ ಹಾಗೆಯೇ ಹಿಂದಿರುಗಿಸಬಾರದು, ಬೆಳಗಿ, ಅರಿಶಿನ ಕುಂಕುಮದ ಜೊತೆ ಕೊಡಬೇಕು ಎನ್ನುವುದು ಟೀಚರ ಶಾಸ್ತ್ರ. ಹಬ್ಬ ಮುಗಿದ ಮೇಲೆ ತಟ್ಟೆಯಲ್ಲಿಟ್ಟುಕೊಂಡು ಬಂದರು.

"ಮೇಲೆಲ್ಲ ಕಿಲುಬು ಹಿಡಿದಿತ್ತು ಅಜ್ಜಿ. ಕೆಂಡದ ಮೇಲೆ ಕಾಯ್ಸಿ, ಹುಣಿಸೆ ನೀರಿಗೆ ಅದ್ದಿ, ಉಜ್ಜಿಬುಟ್ಟೆ. ನೋಡಿ, ಹೊಸದ್ರಂಗಾಗಿದೆ!"

ನವಿಲು ಬೋಳಾಗಿತ್ತು. ಗರಿಗಳ ಗುಳಿಯಲ್ಲಿ ಒಂದು ಚೂರು ನೀಲಿಯೂ ಉಳಿದಿರಲಿಲ್ಲ. ಎನಾಮಲ್ ಎಂದರೆ ಗಾಜು. ಕಾದ ಗಾಜನ್ನು ತಣ್ಣೀರಿಗೆ ಅದ್ದಿದರೆ ಉಳಿಯುತ್ತದೆಯೇ? ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ನನ್ನ ಮೊಣಕೈ ಹಿಡಿದು ಅಮುಕಿದರು.

"ತುಂಬ ಚೆನ್ನಾಗಿ ಬೆಳಗಿದೀಯಮ್ಮ" ಎಂದರು.

ಆಮೇಲೆ ಅಜ್ಜಿ ಆ ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ. ಮುಂದಿನ ನವರಾತ್ರಿಗೆ ಅವರೇ ಇರಲಿಲ್ಲ. ಟೀಚರ್ ಮಾತ್ರ, ಅಜ್ಜಿಯ ಬ್ರೋಚನ್ನು ತಾವು ಹೇಗೆ ಬೆಳಗಿಕೊಟ್ಟೆವೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ನಾನು ಮಾತು ಬಿಟ್ಟೆ. ಎದುರಾದರೆ ರಸ್ತೆ ದಾಟುತ್ತಿದ್ದೆ. ನನ್ನ ಮದುವೆಗೆ ಅವರು ಕೊಟ್ಟ ಬೆಳ್ಳಿಯ ಕುಂಕುಮದ ಬಟ್ಟಲನ್ನು ಆ ವಾರವೇ ಇನ್ನೊಬ್ಬರ ಮದುವೆಗೆ ಸಾಗಹಾಕಿದೆ. ಸಣ್ಣತನ ಎನ್ನಿ, ನನಗೇನೂ ನಾಚಿಕೆಯಿಲ್ಲ.

ಎಂಟು ವರ್ಷದ ಹಿಂದೆ ಟೀಚರ್ ಹಾಸಿಗೆ ಹಿಡಿದಾಗ ನೋಡಲು ಹೋದೆ. ಮನಸ್ಸು ಕರಗಿ ಹೋದೆನೆಂದು ಯಾರೂ ತಿಳಿಯಬೇಡಿ. ಈಕೆ ಸಾಯುವ ಮುಂಚೆ ಸತ್ಯ ಕೇಳಿಯೇ ಸಾಯಬೇಕು ಎಂಬ ಹಟವಿತ್ತು.

"ಅದು ಕಿಲುಬಲ್ಲ ಟೀಚರ್, ಬಣ್ಣ" ಎಂದೆ.

ಯಾವುದು ಎಂದು ಅವರು ಕೇಳಲಿಲ್ಲ.

"ಗೊತ್ತು ಕಣೆ. ನೀರಿಗೆ ಹಾಕಿದ ತಕ್ಷಣ ಚಟ್ ಅಂತ ಸಿಡೀತು. ಅವತ್ತೇ ಗೊತ್ತಾಯ್ತು. ಹೆಂಗೂ ಅಜ್ಜಿ ಬೈತಾರೆ, ಆಗ ಒಪ್ಕೊಂಡು ಕಾಲಿಗೆ ಬೀಳೋಣ ಅಂತ, ಕಿಲುಬು ಅದು ಇದು ಬಾಯಿಗೆ ಬಂದದ್ದು ಅಂದ್ಬುಟ್ಟೆ. ಅವರು ಬೈಲೇ ಇಲ್ವಲ್ಲ... ಬೀದೀಲೆಲ್ಲ ಹೇಳ್ಕೊಂಡು ತಿರುಗಿದ್ದೂ ಯಾರಾದ್ರೂ ಬೈಲಿ ಅಂತ್ಲೇ. ನೀನಾದ್ರೂ ಬೈದ್ಬುಡು" ಎಂದರು.

ಅಜ್ಜಿಯ ಆ ಒಂದು ಹೊಗಳಿಕೆ ಈ ಹೆಂಗಸನ್ನು ಮೂವತ್ತು ವರ್ಷ ಒಳಗೊಳಗೇ ಸುಟ್ಟಿತ್ತು. ಅಜ್ಜಿ ಅದು ಗೊತ್ತಿದ್ದೇ ಹೊಗಳಿದ್ದರು ಎಂದು ನನ್ನ ನಂಬಿಕೆ. ನಾನೂ ಅವರ ಮೊಮ್ಮಗಳೇ. ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದನ್ನೂ ಕೊಡಲಿಲ್ಲ. ಅವರ ಹೊದಿಕೆ ಸರಿಮಾಡಿ, ಬರ್ತೀನಿ ಟೀಚರ್ ಎಂದು ಎದ್ದೆ. ನಾಲ್ಕೇ ದಿನಕ್ಕೆ ತೀರಿಕೊಂಡರು.

ಗೆದ್ದೆ ಎಂದುಕೊಂಡಿದ್ದೆ... ಅಂದು ಬೈದಿದ್ದರೆ ಅವರೂ ಬಿಡುತ್ತಿರಲಿಲ್ಲ. ತಿರುಗಿ ನಾಲ್ಕು ಅಂದು, ಇಬ್ಬರೂ ಅತ್ತು, ಒಂದು ಲೋಟ ಕಾಫಿ ಕುಡಿದು ಮುಗಿಸುತ್ತಿದ್ದೆವೇನೋ. ಹೋದ ವರ್ಷ ಅಮ್ಮನೂ ಹೋದಳು. ಅಜ್ಜಿಯ ನವಿಲಿಗೆ ಬಣ್ಣವಿದ್ದದ್ದನ್ನು ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಕತ್ತು ನೀಲಿಯೋ ಹಸಿರೋ ಎಂದು ಈಚೆಗೆ ನನಗೇ ಅನುಮಾನ ಬರುತ್ತದೆ. ಟೀಚರಿದ್ದಿದ್ದರೆ ಖಂಡಿತ ಹೇಳುತ್ತಿದ್ದರು. ಅವರನ್ನು ನಾನು ಕ್ಷಮಿಸಿಲ್ಲ, ಆದರೆ ಕೇಳಲು ಬೇರೆ ಯಾರೂ ಉಳಿದಿಲ್ಲ.