ನೀಲಕ್ಕನ ಅಸಹಜ ಸಂಬಂಧಗಳು

ಕೆ.ಆರ್.ನಗರದ ಹತ್ತಿರದ ಸಾಲಿಗ್ರಾಮದಲ್ಲಿ ನೀಲಾಂಬಿಕೆಯವರ ಮನೆ ಯಾವುದು ಎಂದು ಯಾರನ್ನಾದರೂ ಕೇಳಿ ನೋಡಿ. ಮನೆ ತೋರಿಸುವ ಮೊದಲು ಅವರೇ ನಿಮ್ಮನ್ನು ಕೇಳುತ್ತಾರೆ: “ಎಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?” ಊರಿಗೆಲ್ಲ ಅವರು ನೀಲಕ್ಕ. ಮದುವೆ ಕುದುರಿಸುವುದು ಅವರ ಕೆಲಸ. ಗಂಡ ಕಾಂತರಾಜಣ್ಣ ಹಿಟ್ಟಿನ ಗಿರಣಿ ನಡೆಸುತ್ತಾರೆ. ಈ ಕೆಲಸ ಹುಟ್ಟಿದ್ದೂ ಆ ಗಿರಣಿಯಲ್ಲೇ. ರಾಗಿ ಬೀಸಿಸಲು ಬಂದ ಹೆಂಗಸರು ಸರದಿ ಕಾಯುತ್ತ ಸುಮ್ಮನೆ ಕೂರುತ್ತಾರೆಯೇ? ಮಗಳ ಓದು, ಅಣ್ಣನ ಮಗನ ನೌಕರಿ, ನಾದಿನಿಯ ಜಾತಕ, ಎಲ್ಲವೂ ಹಿಟ್ಟಿನ ಜೊತೆಗೇ ಉದುರುತ್ತವೆ. ನೀಲಕ್ಕ ಅಲ್ಲೇ ಕೂತು ಹೆಣ್ಣಿಗೆ ಗಂಡು ಹೊಂದಿಸಿದರು. ಕಾಂತರಾಜಣ್ಣನಿಗೆ ಮಿಷನ್ನಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಅವರಿಬ್ಬರ ಸಂಸಾರ ಚೆನ್ನಾಗಿರುವುದು ಅದಕ್ಕೇ ಎಂದು ನನ್ನ ಅಂದಾಜು.

ನನ್ನ ಮದುವೆ ಕುದುರಿಸಿದವರೂ ಅವರೇ. ಹುಣಸೂರಿನ ನನ್ನನ್ನು ತಂದು ಇಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವನಿಗೆ ಕಟ್ಟಿದರು. ಈಗ ಅಂಗಡಿ ನಡೆಸುವವಳು ನಾನು, ಜೆರಾಕ್ಸ್ ಮಷೀನು ಕೈಕೊಟ್ಟಾಗ ಅದಕ್ಕೆ ಎರಡು ಬಿಡುವವನು ಆತ. ದೂರು ಹೇಳುವಂಥದ್ದೇನೂ ಇಲ್ಲ. ಇದ್ದರೂ ನೀಲಕ್ಕನ ಮುಂದೆ ಹೇಳುವ ಧೈರ್ಯವಿಲ್ಲ.

‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ಕಿವಿಗೆ ಬಿದ್ದರೆ ನೀಲಕ್ಕನಿಗೆ ಮೈ ಉರಿಯುತ್ತದೆ. “ಮದ್ವೆ ಏನೋ ಆಯ್ತದೆ. ಆಮೇಲೆ ಆ ಸಾವ್ರ ಸುಳ್ಳನ್ನ ಸಾಕೋರ್ಯಾರು?” ಎನ್ನುತ್ತಾರೆ. ಹುಡುಗನ ಊರಿಗೆ ಯಾರಿಗೂ ಹೇಳದೆ ಹೋಗಿ, ಟೀ ಅಂಗಡಿ, ಹಾಲಿನ ಡೇರಿ, ಕಟಿಂಗ್ ಶಾಪು ಎಲ್ಲ ಕಡೆ ಮೆಲ್ಲಗೆ ವಿಚಾರಿಸಿ ಬರುತ್ತಾರೆ. ಒಬ್ಬ ‘ಒಳ್ಳೆಯವನು, ಆದರೆ ಸೋಮಾರಿ’ ಎನ್ನಬೇಕು, ಇನ್ನೊಬ್ಬ ‘ಕೋಪಿಷ್ಠ, ಆದರೆ ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎನ್ನಬೇಕು. ಆಗ ನಂಬುತ್ತಾರೆ. ಎಲ್ಲರೂ ಒಂದೇ ಸಮ ‘ಹುಡುಗ ಅಪ್ಪಟ ಚಿನ್ನ’ ಎಂದರೆ, ಹುಡುಗನ ಅಪ್ಪ ಬೆಳಿಗ್ಗೆಯೇ ಬಂದು ಎಲ್ಲರಿಗೂ ಟೀ ಕುಡಿಸಿ ಹೋಗಿದ್ದಾನೆ ಎಂದು ಲೆಕ್ಕ. ಮುಂದಿನ ಬಸ್ಸಿಗೇ ವಾಪಸ್ಸು.

ಕಾಲ ಬದಲಾಯಿತು, ಜನ ಹೆಣ್ಣು ಗಂಡನ್ನೂ ಫೋನಿನಲ್ಲೇ ಹುಡುಕತೊಡಗಿದರು. ನಾನೇ ನೀಲಕ್ಕನಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಆದರೆ ಗೂಗಲ್ಲಿನಲ್ಲಿ ಅದು ಎಲ್ಲೋ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿತ್ತು. ಆಗ ಸುನೀಲ್‌ಕುಮಾರ್ ಎಂಬ ಮೈಸೂರಿನ ಏಜೆನ್ಸಿಯವನು ಬಂದ. ಮೊದಲ ಪುಟಕ್ಕೆ ತರುತ್ತೇನೆ ಎಂದ. ಬೇರೆ ಬೇರೆ ಸೈಟುಗಳಲ್ಲಿ ನಿಮ್ಮ ಸೈಟಿನ ಲಿಂಕ್ ಹಾಕಿಸುತ್ತೇನೆ, ಇಷ್ಟು ಜನ ಕೈತೋರಿಸುತ್ತಿದ್ದಾರೆ ಅಂದಮೇಲೆ ದೊಡ್ಡವರೇ ಇರಬೇಕು ಎಂದು ಗೂಗಲ್ ಮೇಲಕ್ಕೆ ತರುತ್ತದೆ ಎಂದು ವಿವರಿಸಿದ.

“ಅಂದ್ರೆ ಬ್ಯಾರೆಯೋರು ನಮ್ ಬಗ್ಗೆ ಒಳ್ಳೇದು ಏಳೋದು, ಅಲ್ವಾ?” ಎಂದರು ನೀಲಕ್ಕ.

“ಅಷ್ಟೇ ಮೇಡಂ.”

“ಅದ್ರಾಗೇನ್ ತಪ್ಪು, ಆಕ್ಸು.”

ಯಾರು ಹೇಳುತ್ತಾರೆ, ಏಕೆ ಹೇಳುತ್ತಾರೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೈಟು ಮೊದಲ ಪುಟಕ್ಕೆ ಬಂದೇ ಬಂತು. ಹಾಸನ, ಕುಶಾಲನಗರ, ಕೇರಳದ ಮಾನಂದವಾಡಿಯಿಂದಲೂ ಫೋನು. ನೀಲಕ್ಕ ಮಲಯಾಳದಲ್ಲಿ ‘ಕಲ್ಯಾಣಂ’ ಎನ್ನುವುದನ್ನು ಕಲಿತು, ಅದೊಂದರಿಂದಲೇ ಅರ್ಧ ಗಂಟೆ ಮಾತಾಡುತ್ತಿದ್ದರು. ಗಿರಣಿಗೆ ಬಂದವರಿಗೆಲ್ಲ ಒಬ್ಬಟ್ಟು ಹಂಚಿದರು.

ಆಷಾಢ ಮುಗಿದು ಮದುವೆಯ ಮಾತು ಮತ್ತೆ ಶುರುವಾಗುವ ಹೊತ್ತಿಗೆ ಗೂಗಲ್ ತನ್ನ ಲೆಕ್ಕಾಚಾರದ ರೀತಿಯನ್ನು ಬದಲಾಯಿಸಿತು, ಮೋಸದ ಸೈಟುಗಳನ್ನು ಜರಡಿ ಹಿಡಿಯಿತು. ನಮ್ಮ ಸೈಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನೀಲಾಂಬಿಕೆ ಎಂದು ಪೂರ್ತಿ ಹೆಸರು ಹೊಡೆದರೂ ಕಾಣಿಸಲಿಲ್ಲ. ನಾನಾಗ ತಂಗಿಯ ಬಾಣಂತನಕ್ಕೆಂದು ಹುಣಸೂರಿನಲ್ಲಿದ್ದೆ. ನೀಲಕ್ಕನ ಫೋನಿಗೆ ಗೂಗಲ್ಲಿನಿಂದ ಇಂಗ್ಲಿಷಿನಲ್ಲೊಂದು ಮೇಲ್ ಬಂತು. ಅವರು ಗುಂಡಿ ಒತ್ತಿ ಕನ್ನಡ ಮಾಡಿಕೊಂಡರು. ಫೋನು ಮಾಡಿದ ಕನ್ನಡ ಹೀಗಿತ್ತು: ‘ನಿಮ್ಮಲ್ಲಿ ಅಸಹಜ ಸಂಬಂಧಗಳು ಪತ್ತೆಯಾಗಿವೆ. ದಯವಿಟ್ಟು ಅವುಗಳನ್ನು ತೆಗೆದುಹಾಕಿ.’

ಸಂಬಂಧ ಎಂದರೆ ನೀಲಕ್ಕನಿಗೆ ಒಂದೇ ಅರ್ಥ. ತಾವು ಮಾಡಿಸಿದ ಮದುವೆಗಳಲ್ಲಿ ಯಾವುದೋ ಸರಿಯಿಲ್ಲ, ಯಾರೋ ಮೇಲಿನವರೆಗೆ ದೂರು ಕೊಟ್ಟಿದ್ದಾರೆ ಎಂದುಕೊಂಡರು. “ಕಟ್ಟಿದ ತಾಳಿನ ತೆಗೆಸು ಅಂತಾರಲ್ಲ, ಇವ್ರ ಮನೆ ಕಾಯೋಗ” ಎಂದು ಗಂಡನ ಮುಂದೆ ಕಣ್ಣೀರು ಹಾಕಿದರಂತೆ. ಹೆಸರು ಕೆಟ್ಟಮೇಲೆ ಯಾರ ಮನೆಯ ಜಗಲಿಯ ಮೇಲೆ ಕೂತು ಹೆಣ್ಣು ಕೇಳಲಿ? ಇದು ತೀರ್ಮಾನವಾಗುವವರೆಗೆ ಯಾರಿಗೂ ಗಂಡು ತೋರಿಸುವುದಿಲ್ಲ, ತೀರ್ಮಾನವಾಗದಿದ್ದರೆ ಈ ಕೆಲಸವೇ ಬೇಡ ಎಂದು ಗಿರಣಿಯಲ್ಲಿ ಎಲ್ಲರೆದುರು ಹೇಳಿಬಿಟ್ಟರು. ಮಾರನೆಯ ದಿನ ಬ್ಯಾಗು ಹಿಡಿದು, ಮಾಡಿಸಿದ ಮದುವೆಗಳನ್ನು ತಪಾಸಣೆ ಮಾಡಲು ಬಸ್ಸು ಹತ್ತಿದರು.

ಆ ತಪಾಸಣೆಯ ಕತೆಯನ್ನು ಆಮೇಲೆ ಒಬ್ಬೊಬ್ಬರ ಬಾಯಲ್ಲೂ ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಹನಗೋಡಿನಲ್ಲಿ ಪುಷ್ಪಾಳನ್ನು ಹಿತ್ತಲಿಗೆ ಕರೆದು, “ನಿನ್ ಗಂಡನ್ ಕೂಡೆ ಏನಾರ ಅಸಹಜವಾಗೈತೇನವ್ವ? ಮುಚ್ಚಿಡ್ಬ್ಯಾಡ” ಎಂದರಂತೆ. ಪುಷ್ಪಾ ಬಹಳ ಯೋಚಿಸಿ, “ಐತೆ ಕಣಕ್ಕ. ಮುದ್ದೆಗೆ ಸಕ್ರೆ ನೆಂಚ್ಕೊಂಡು ತಿಂತಾರೆ” ಎಂದಳು. ನೀಲಕ್ಕ ಅದನ್ನೂ ಗಂಭೀರವಾಗಿ ಪರಿಗಣಿಸಿದರು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಮುಂದೆ ಕೂತಿದ್ದ ಗಂಡ ಹೆಂಡತಿ, “ಜಗಳ ಆಡಕ್ಕೆ ಪುರ್ಸೊತ್ತಿಲ್ಲ ಕಣಕ್ಕ, ಸೊಪ್ಪು ಮುಗೀಲಿ, ಆಮ್ಯಾಕೆ ನೋಡಾನ” ಎಂದು ಕಾಫಿ ಕೊಟ್ಟು ಕಳಿಸಿದರು. ಎಚ್.ಡಿ.ಕೋಟೆಯಲ್ಲಿ ಪೂಜಾಳೂ ಅವಳ ಅತ್ತೆಯೂ ಒಂದೇ ಚಾಪೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ಪೂಜಾಳ ಗಂಡ ಯತೀಶನನ್ನು ಬೈಯುತ್ತಿದ್ದರು. ಅವನೇ ನೀಲಕ್ಕನ ಹತ್ತಿರ ದೂರು ಹೇಳಿಕೊಂಡ: “ಈ ಮನೇಲಿ ಅಸಹಜವಾಗಿರೋನು ನಾನೊಬ್ನೇ ಕಣಕ್ಕ. ಅತ್ತೆ ಸೊಸೆ ಒಂದೇ ಪಾರ್ಟಿ.” ಹೋದಲ್ಲೆಲ್ಲ ಊಟ ಹಾಕಿ, ಕುಪ್ಪಸದ ಕಣ ಕೊಟ್ಟು, ಮಡಿಲು ತುಂಬಿ ಕಳಿಸಿದರು. ಬರುವಾಗ ಬ್ಯಾಗಿನ ಜಿಪ್ಪು ಹಾಕಲಾಗುತ್ತಿರಲಿಲ್ಲ.

ನಾನು ವಾಪಸ್ಸು ಬಂದ ದಿನವೇ ಅಂಗಡಿಗೆ ಬಂದು ಕುರ್ಚಿ ಎಳೆದು ಕೂತರು. “ರೂಪ, ಎಲ್ಲಾ ಕಡೆ ನೋಡ್ಕಂಡ್ ಬಂದೆ. ಒಂದೂ ಸಂಬಂಧ ಕೆಟ್ಟಿಲ್ಲ. ನಮ್ಮೋರು ನಂಗೆ ಕುಂಬಳಕಾಯಿ ಕಳ್ಳನ ಕತೆ ಏಳ್ತಾರೆ. ಏನ್ ಮಾಡ್ಲವ್ವ ನಾನು?” ಎಂದು ಫೋನು ನನ್ನ ಕೈಗೆ ಕೊಟ್ಟರು.

ಇಂಗ್ಲಿಷಿನ ಮೂಲ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ಅದು ಮದುವೆಯ ಸಂಬಂಧವಲ್ಲ, ಫೋನು ‘ಸಂಬಂಧ’ ಎಂದು ಕನ್ನಡ ಮಾಡಿದ್ದು ಸುನೀಲ್‌ಕುಮಾರ್ ಹಾಕಿಸಿದ ಲಿಂಕು. ಕಂಪ್ಯೂಟರಿನಲ್ಲಿ ಆ ಲಿಂಕುಗಳನ್ನು ಒಂದೊಂದಾಗಿ ತೆರೆದು ತೋರಿಸಿದೆ. ನಮ್ಮ ಪರವಾಗಿ ಮಾತಾಡಿದ್ದ ಮಹನೀಯರು ಯಾರು ಗೊತ್ತೇ? ರಮ್ಮಿ ಆಡಿಸುವವರು, ಕೂದಲು ಬೆಳೆಸುವ ಎಣ್ಣೆಯವರು, ಯಾವುದೋ ದೇಶದ ಲಾರಿ ಟೈರಿನವರು. ಎಲ್ಲರೂ ಬರೆದಿದ್ದು ಒಂದೇ ವಾಕ್ಯ: ‘ಮೈಸೂರು ಜಿಲ್ಲೆಯ ಅತ್ಯುತ್ತಮ ವಧೂವರ ಕೇಂದ್ರ.’

ನೀಲಕ್ಕ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಮೊದಲು ಮುಖ ಹಗುರಾಯಿತು, ತಾವು ಮಾಡಿಸಿದ ಮದುವೆಗಳ ಮೇಲೆ ಯಾರೂ ದೂರು ಹೇಳಿಲ್ಲವಲ್ಲ. ಆಮೇಲೆ ಕೆಂಪಾಯಿತು.

“ಟೈರ್ ಮಾರೋನ್ಗೆ ನನ್ ಮುಖ ಗೊತ್ತೇನವ್ವ? ಟೀ ಕುಡ್ಸಿ ಏಳ್ಸಿರೋ ಮಾತು ಕಣವ್ವ ಇದು. ಊರೂರ್ ಮ್ಯಾಲೆ ಓಗಿ ಇಂಥದ್ನೇ ಇಡಿದು ಆಕೋಳು ನಾನು, ನನ್ ಮನೇಲೇ ಇಂಗಾಯ್ತಲ್ಲ. ಗೂಗಲ್ನೋರು ಮಾಡಿದ್ದು ಸರಿಯಾಗೈತೆ ಬುಡು.”

ಸುನೀಲ್‌ಕುಮಾರನಿಗೆ ಫೋನು ಹಚ್ಚಿದೆವು. ಅವನು ಇನ್ನೊಂದಷ್ಟು ಒಳ್ಳೆಯ ಲಿಂಕು ಹಾಕಿಸಿದರೆ ಇವೆಲ್ಲ ಮುಚ್ಚಿಹೋಗುತ್ತವೆ ಎಂದ. “ಒಂದು ಸುಳ್ಳು ಮುಚ್ಚಾಕೆ ಇನ್ನೊಂದಾ? ಅಪ್ಪಾ, ನಿಂಗೆ ಮದ್ವೆ ಆಗೈತಾ?” ಎಂದು ನೀಲಕ್ಕ ಕೇಳಿದರು. ಇಲ್ಲ ಎಂದ. “ಆಗಾದು ಕಷ್ಟ” ಎಂದು ಫೋನು ಇಟ್ಟರು.

ಆಮೇಲೆ ಶುರುವಾಯಿತು ನಮ್ಮ ತೊಳೆಯುವ ಕೆಲಸ. ಸಿಕ್ಕ ಸೈಟಿನವರಿಗೆಲ್ಲ ನಮ್ಮ ಲಿಂಕು ತೆಗೆಯಿರಿ ಎಂದು ಬರೆದೆ. ತೆಗೆಯದವರ ಹೆಸರನ್ನು, ಇವರಿಗೂ ನಮಗೂ ಸಂಬಂಧವಿಲ್ಲ ಎಂದು ಗೂಗಲ್ಲಿಗೆ ಕಳಿಸಿದೆ. ಕೊನೆಗೆ ಮತ್ತೊಮ್ಮೆ ಪರಿಶೀಲಿಸಿ ಎಂದು ಕೋರಿಕೆ ಹಾಕಬೇಕಿತ್ತು. ಏಜೆನ್ಸಿಯ ತಪ್ಪು, ನಮಗೇನೂ ಗೊತ್ತಿರಲಿಲ್ಲ ಎಂದು ಬರೆಯಹೊರಟೆ. ನೀಲಕ್ಕ ಒಪ್ಪಲಿಲ್ಲ. ಬೆನ್ನ ಹಿಂದೆ ನಿಂತು ಅವರೇ ಹೇಳಿಸಿದರು: “ದುಡ್ ಕೊಟ್ಟು ಒಗಳಿಸ್ಕಂಡಿದ್ದು ನಿಜ ಅಂತ ಬರಿ. ಯಾರು, ಎತ್ತ ಅಂತ ವಿಚಾರಿಸ್ನಿಲ್ಲ, ಅದು ನನ್ ತಪ್ಪು. ನನ್ ಕೆಲ್ಸವೇ ವಿಚಾರಿಸೋದು. ಇನ್ಮ್ಯಾಕೆ ಇಂಗೆ ಮಾಡಾದಿಲ್ಲ. ಬೇಕಾರೆ ಸಾಲಿಗ್ರಾಮಕ್ಕೆ ಬಂದು ಯಾರ್ನಾರ ಕೇಳಿ, ಬಂದ್ರೆ ಮನೆಗ್ ಬಂದು ಊಟ ಮಾಡ್ಕಂಡ್ ಓಗಿ.” ಅಕ್ಷರ ಬಿಡದೆ ಇಂಗ್ಲಿಷ್ ಮಾಡಿ ಕಳಿಸಿದೆ, ಊಟದ್ದನ್ನೂ ಸೇರಿಸಿ.

ಉತ್ತರಕ್ಕೆ ಕಾಯುವ ಆ ದಿನಗಳಲ್ಲಿ ಗಿರಣಿಗೆ ಗಿರಣಿಯೇ ಸಪ್ಪಗಿತ್ತು. ಹೆಂಗಸರು ಮಗಳ ವಿಷಯ ತೆಗೆದರೆ ನೀಲಕ್ಕ ಎದ್ದು ಒಳಗೆ ಹೋಗುತ್ತಿದ್ದರು. ಮಿಷನ್ನು ನಿಲ್ಲಿಸಿದಾಗಲೂ ಸದ್ದಿಲ್ಲವಲ್ಲ ಎಂದು ಕಾಂತರಾಜಣ್ಣನೇ ನನ್ನ ಹತ್ತಿರ ಬೇಜಾರು ಮಾಡಿಕೊಂಡರು. ನನಗೂ ನಿಜವಾಗಿ ಸಂಕಟವಾಗುತ್ತಿತ್ತು. ಮಾತಾಡದ ನೀಲಕ್ಕನನ್ನು ನೋಡಿ ನಮಗೆ ಅಭ್ಯಾಸವಿಲ್ಲ.

ಒಂದು ಮಧ್ಯಾಹ್ನ ಉತ್ತರ ಬಂತು. ನಾನು ಅಂಗಡಿಯ ಬಾಗಿಲೂ ಹಾಕದೆ ಗಿರಣಿಗೆ ಓಡಿದೆ. ನಿಮ್ಮ ಕೋರಿಕೆಯನ್ನು ಒಪ್ಪಿದ್ದೇವೆ, ಸೈಟಿನ ಮೇಲಿನ ಕ್ರಮವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ ಎಂದಿತ್ತು. ಈ ಸಲ ಫೋನಿನ ಕನ್ನಡವನ್ನು ನಂಬದೆ ನಾನೇ ಓದಿ ಹೇಳಿದೆ. ಹೆಸರು ಹೊಡೆದು ತೋರಿಸಿದೆ, ಸೈಟು ಬಂತು. ಕೆ.ಆರ್.ನಗರದ ವಧೂವರರು ಎಂದು ಹುಡುಕಿದರೆ ಎರಡನೆಯ ಪುಟದ ಕೊನೆಯಲ್ಲಿತ್ತು. ಅಷ್ಟು ಸಾಕು ಎಂದು ನೀಲಕ್ಕ ಕಣ್ಣೊರೆಸಿಕೊಂಡು ನಕ್ಕರು. ಹೆಂಗಸರೆಲ್ಲ ರಾಗಿ ಬಿಟ್ಟು ಸುತ್ತ ಸೇರಿದರು. ಕಾಂತರಾಜಣ್ಣ ಮಿಷನ್ನು ನಿಲ್ಲಿಸಿ ಏನಾಯಿತೆಂದು ಕೇಳಿದರು.

“ನಮ್ ಕಾಗ್ದ ಓದಿ ಒಪ್ಕಂಡೋರು ಮಿಷನ್ನಾ, ಮನುಷ್ಯರಾ?” ಎಂದರು ನೀಲಕ್ಕ.

“ಇಂಥದ್ದನ್ನ ಮನುಷ್ಯರೇ ಓದ್ತಾರಂತೆ ಅಕ್ಕ. ಯಾರೋ ಪುಣ್ಯಾತ್ಮ ಪೂರ್ತಿ ಓದವ್ನೆ.”

ನೀಲಕ್ಕ ಸೀರೆಯ ಮೇಲಿನ ಹಿಟ್ಟು ಕೊಡವಿಕೊಂಡು ಸರಿಯಾಗಿ ಕೂತರು.

“ಮದ್ವೆ ಆಗೈತಾ ಕೇಳು.”