ಭಾವ ಕಳಿಸಿದ ಮೂರು ಕ್ಯಾಸೆಟ್ಟು

ಹಾಡು ಕೇಳುವುದನ್ನು ನಿನಗೆ ಕಲಿಸಿದ್ದು ಯಾರು ಎಂದು ನಮ್ಮಕ್ಕ ಶಾಂತಕುಮಾರಿಯನ್ನು ಯಾರೇ ಕೇಳಲಿ, ಅವಳು ಗಂಡನ ಕಡೆ ಕೈ ತೋರಿಸುತ್ತಿದ್ದಳು. ಹೋದ ತಿಂಗಳವರೆಗೂ ಅದೇ ನಡೆದಿತ್ತು.

ಅವಳನ್ನು ನೋಡಲು ಮಾಯಸಂದ್ರದ ನಮ್ಮ ಮನೆಗೆ ಇಬ್ಬರು ಬಂದು ಹೋಗಿದ್ದರು. ಒಬ್ಬರು ನೊಣವಿನಕೆರೆಯ ಮೇಷ್ಟ್ರು. ಕಾಫಿ ಲೋಟ ಕೆಳಗಿಡುವ ಮೊದಲೇ ಒಂದು ವಚನ ಹಾಡಿ, ಇನ್ನೊಂದಕ್ಕೆ ಗಂಟಲು ಸರಿ ಮಾಡಿಕೊಂಡವರು. ಇನ್ನೊಬ್ಬರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗಂಗಾಧರ. ಇವರು ಉಪ್ಪಿಟ್ಟು ತಿಂದರು, ನೀರು ಕುಡಿದರು, ಎದ್ದು ಹೋದರು. ಅಪ್ಪನಿಗೆ ಇಬ್ಬರೂ ಒಪ್ಪಿಗೆಯೇ. ಯಾರು ಬೇಕು ನೀನೇ ಹೇಳು ಎಂದು ಅಕ್ಕನಿಗೆ ಬಿಟ್ಟುಬಿಟ್ಟರು. ಅವಳ ಮನಸ್ಸು ಮೇಷ್ಟ್ರ ಕಡೆ ವಾಲಿದ್ದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ತಿಪಟೂರಿನಿಂದ ಒಂದು ಪೊಟ್ಟಣ ಬಂತು. ಸೀರೆಯಿರಬಹುದು ಎಂದು ಬಿಚ್ಚಿದರೆ ಮೂರು ಕ್ಯಾಸೆಟ್ಟು. ಒಂದು ವಚನದ್ದು, ಒಂದು ಭಾವಗೀತೆಯದ್ದು. ಮೂರನೆಯದರಲ್ಲಿ ಹಾಡೇ ಇಲ್ಲ, ಎರಡೂ ಕಡೆ ಬರೀ ಕೊಳಲು. ನಮ್ಮಜ್ಜಿ ಗೋಡೆಗೊರಗಿ ಅದನ್ನು ಸುಮಾರು ಹೊತ್ತು ಕೇಳಿ, “ಹಾಡು ಯಾವಾಗ್ ಶುರುವಾಗಾದು?” ಎಂದಳು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. ಆ ಕ್ಯಾಸೆಟ್ಟಿನ ಹೊದಿಕೆ ಹೆಚ್ಚೂಕಡಿಮೆ ಬಿಳಿ. ಕಣ್ಣು ಕಿರಿದು ಮಾಡಿ ನೋಡಿದರೆ ಒಂದು ಹೊಳೆ, ಒಂದು ಮರ. ಬೆಳದಿಂಗಳ ಚಿತ್ರ ಎಂದು ಅವಳೇ ತೀರ್ಮಾನಿಸಿದಳು.

“ಹೆಣ್ಣಿಗೆ ಯಾರಾದ್ರೂ ಇಂಥದ್ದು ಕಳಿಸ್ತಾರಾ ಹೇಳು” ಎಂದಳು ನನಗೆ. “ಮೇಷ್ಟ್ರಿಗೆ ಹಾಡೋದು ಗೊತ್ತು. ಇವರಿಗೆ ಕೇಳೋದು ಗೊತ್ತು ಕಣೇ.”

ಅಷ್ಟೇ. ಮೇಷ್ಟ್ರಿಗೆ ಬೇಡ ಎಂದು ಹೇಳಿ ಕಳಿಸಿದರು.

ಆ ಮೂರು ಕ್ಯಾಸೆಟ್ಟು ಅಕ್ಕನ ಕಿವಿಯನ್ನು ತಿದ್ದಿದವು ಎನ್ನುವುದು ಸುಳ್ಳಲ್ಲ. ವಚನದ ಮಾತನ್ನು ಸುಮ್ಮನೆ ಎಳೆದಾಡುವ ಗಾಯಕರನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಮದುವೆ ಮನೆಯಲ್ಲಿ ಆರ್ಕೆಸ್ಟ್ರಾ ಶುರುವಾದರೆ ಊಟದ ಪಂಕ್ತಿಗೆ ಎದ್ದು ಹೋಗುತ್ತಿದ್ದಳು. ಆಮೇಲೆ ಎಷ್ಟೋ ಕ್ಯಾಸೆಟ್ಟು ಕೊಂಡಳು, ಒಂದೊಂದನ್ನೂ ಈ ಮೂರರ ಪಕ್ಕ ಇಟ್ಟು ಅಳೆದಳು. ಕೊಳಲಂತೂ ಮಾತಿಲ್ಲದೆ ಕೂರುವುದನ್ನು ಅವಳಿಗೆ ಕಲಿಸಿತು. ಭಾವ ಮಾತಿನಲ್ಲಿ ಬಲು ಜಿಪುಣರು. ಬೇರೆ ಹೆಂಗಸಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಇವಳು ಅದನ್ನೂ ದೊಡ್ಡ ಗುಣ ಎಂದುಕೊಂಡಳು.

ಸಂಜೆ ಭಾವ ಕೊಬ್ಬರಿ ಮಂಡಿಯಿಂದ ಬಂದು ಪಡಸಾಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವರು. ಅಕ್ಕ ಟೇಪ್ ಹಾಕಿ ಪಕ್ಕದಲ್ಲಿ ಕೂರುವಳು. ನೆಂಟರು ಬಂದರೆ ಭಾವ ಕಾಲು ನೀಡಿಕೊಂಡು, “ಅಂಗಡೀಲಿ ಇಪ್ಪತ್ತು ಕ್ಯಾಸೆಟ್ ಕೇಳಿ ಈ ಮೂರು ಆರಿಸಿದ್ದೆ” ಎನ್ನುವರು. ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ರಾಷ್ಟ್ರಗೀತೆಯ ನಡುವೆಯೂ ಮಾತಾಡುವ ಪೈಕಿ.

ಹೋದ ತಿಂಗಳು ಟೇಪ್‌ರೆಕಾರ್ಡರ್ ಪೂರ್ತಿ ಕೆಟ್ಟಿತು. ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಸೋಣ ಎಂದು ಅಕ್ಕ ನನ್ನನ್ನೂ ಕರೆದುಕೊಂಡು ತಿಪಟೂರು ಬಸ್‌ಸ್ಟ್ಯಾಂಡ್ ಹತ್ತಿರದ ಮುಜಾಫರ್ ಅಂಗಡಿಗೆ ಹೋದಳು. ಈಗ ಅದು ಮೊಬೈಲ್ ರಿಪೇರಿ ಅಂಗಡಿ. ಹಿಂದೆ ಅವನ ಅಪ್ಪ ನೂರ್ ಅಹಮದ್ ಅಲ್ಲೇ ಕ್ಯಾಸೆಟ್ ಮಾರುತ್ತಿದ್ದರು. ಈಗಲೂ ಬಂದು ಒಂದು ಸ್ಟೂಲಿನ ಮೇಲೆ ಕೂತಿರುತ್ತಾರೆ.

“ಅರೇ, ಇವು ನಮ್ಮ ಅಂಗಡೀವೇ” ಎಂದರು ಅವರು, ಬಿಳಿ ಹೊದಿಕೆಯದನ್ನು ಕೈಗೆತ್ತಿಕೊಂಡು. “ಗಂಗಾಧರಣ್ಣ ತಗಂಡು ಹೋಗಿದ್ದು.”

ಅಕ್ಕನ ಮುಖ ಅರಳಿತು. “ಇಪ್ಪತ್ತು ಕೇಳಿ ಆರಿಸಿದ್ರಂತೆ.”

“ಎಲ್ಲಿ ಆರಿಸಿದ್ರಮ್ಮಾ” ಎಂದು ಅವರು ನಕ್ಕರು. “ಹೊರಗೆ ಟೆಂಪೋ ನಿಲ್ಲಿಸಿ ಬಂದಿದ್ರು. ಹುಡುಗಿ ಮನೆಗೆ ಕಳಿಸ್ಬೇಕು, ಸಿನಿಮಾದ್ದು ಮೂರು ಕೊಡಿ ಅಂದ್ರು. ಆವತ್ತು ಸಿನಿಮಾದ್ದು ಖಾಲಿ. ಇವು ಗಾಜಿನ ಹತ್ರ ಎರಡು ವರ್ಷದಿಂದ ಕೂತಿದ್ವು, ಯಾರೂ ಕೇಳೋರಿರ್ಲಿಲ್ಲ. ಯಾವುದಾದ್ರೂ ಸರಿ, ಬೇಗ ಕಟ್ಟಿ ಅಂದ್ರು. ನೋಡಿ, ಬಿಸಿಲಿಗೆ ಬಣ್ಣ ಹೆಂಗೆ ಹೋಗೈತೆ. ಕಡು ನೀಲಿ ಇತ್ತು ಇದು. ಅದಕ್ಕೇ ಜ್ಞಾಪಕ ನನಗೆ.”

ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಕ್ಕ ಕ್ಯಾಸೆಟ್ಟನ್ನು ವಾಪಸ್ಸು ತೆಗೆದುಕೊಂಡು, “ಬೆಳದಿಂಗಳು ಅಂದ್ಕೊಂಡಿದ್ದೆ” ಎಂದಳು. ತಮಾಷೆಗೆ ಹೇಳಿದಳೆಂದು ಅವರು ಮತ್ತೆ ನಕ್ಕರು. ಮೂರನ್ನೂ ಮುಜಾಫರ್ ಕೈಗೆ ಕೊಟ್ಟು ಹೊರಟೆವು.

ಆಟೋದಲ್ಲಿ ಅವಳು ಒಂದೇ ಮಾತಾಡಿದ್ದು. “ಸೀರೆ ಕಳ್ಸಿದ್ರೆ ಸೀರೆ ಅಂತ ಉಟ್ಕೊತಿದ್ದೆ. ಇದನ್ನ ಮನಸ್ಸು ಅಂದ್ಕೊಂಡ್ನಲ್ಲೇ. ಮೋಸ ಹೋದೆ ಕಣೇ.”

ಭಾವ ಅಂಗಳದಲ್ಲಿ ಕಾಯಿ ಆರಿಸುತ್ತಿದ್ದರು. ಅಕ್ಕ ಚಪ್ಪಲಿ ಬಿಡದೆಯೇ ಕೇಳಿದಳು. ಭಾವ ಮೊದಲು ನೂರ್ ಅಹಮದ್‌ಗೆ ವಯಸ್ಸಾಯಿತು, ಮರೆವು ಎಂದರು. ನಾನೂ ಅಂಗಡಿಯಲ್ಲಿದ್ದೆ ಎಂದು ನನ್ನ ಮುಖ ನೋಡಿ ತಿಳಿದ ಮೇಲೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

“ಅದೇನ್ ಮಹಾ ವಿಷ್ಯ ಬುಡು” ಎಂದರು ಕೊನೆಗೆ. “ನಿನಗೆ ಹಿಡಿಸ್ತು. ಹಿಡಿಸಿದ್ಮೇಲೆ ನಾನೇ ಆರಿಸ್ದೆ ಅಂದೆ. ಸುಳ್ಳಾದ್ರೂ ಒಳ್ಳೇದೇ ಆಯ್ತಲ್ಲ.”

“ದಿನಾ ಸಂಜೆ ಕಣ್ಮುಚ್ಕೊಂಡು ಕೇಳ್ತಿದ್ರಲ್ಲ?”

“ಮಂಡಿಯಿಂದ ಸುಸ್ತಾಗಿ ಬಂದಿರ್ತಿದ್ದೆ. ನಿದ್ದೆ ಕಣೇ ಅದು.”

ನನಗೆ ಮೈಯೆಲ್ಲ ಉರಿಯಿತು. ಬೇರೆ ಹೆಣ್ಣಿನ ಜೊತೆ ಸಿಕ್ಕಿಬಿದ್ದಿದ್ದರೆ ಬೈಯಲು ಮಾತಾದರೂ ಇರುತ್ತಿತ್ತು. ಇದಕ್ಕೆ ಊರಲ್ಲಿ ಯಾವ ಪಂಚಾಯ್ತಿ ಸೇರಿಸುವುದು? ಯಾರಿಗೆ ಹೇಳಿದರೂ, ಇಷ್ಟಕ್ಕೇನಾ ಎಂದು ನಗುತ್ತಾರೆ. ಅಕ್ಕ ಮಾತ್ರ ನಿಧಾನವಾಗಿ, “ಹಂಗಾದ್ರೆ ಇಷ್ಟು ವರ್ಷ ನಾನು ಒಬ್ಳೇ ಕೇಳ್ತಿದ್ದೆ” ಎಂದು ಒಳಗೆ ಹೋದಳು.

ನಾನು ಅಕ್ಕನ ಜೊತೆಯಲ್ಲೇ ಉಳಿದೆ. ನಾಲ್ಕು ದಿನ ಮನೆಯಲ್ಲಿ ಹಾಡಿಲ್ಲ. ಐದನೆಯ ದಿನ ಮುಜಾಫರ್ ಪೆನ್‌ಡ್ರೈವ್ ಕಳಿಸಿಕೊಟ್ಟ. ಸಂಜೆ ಅಕ್ಕ ಅದನ್ನು ಸ್ಪೀಕರಿಗೆ ಹಾಕಿದಳು. ಭಾವ ಮಂಡಿಯಿಂದ ಬಂದವರು, ಎಲ್ಲ ಸರಿಹೋಯಿತು ಎಂದುಕೊಂಡು, ತಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು.

“ಒಳಗ್ ಹೋಗಿ ಮಲಗ್ರೀ” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. “ಹಾಸಿಗೆ ಹಾಸಿದೀನಿ.”

ಭಾವ ಎದ್ದರು. ಅವಮಾನವಾಯಿತೇನೋ ಎಂದು ನಾನು ಅವರ ಮುಖ ನೋಡಿದೆ. ಶಾಲೆಗೆ ರಜೆ ಕೊಟ್ಟಾಗ ಮಕ್ಕಳ ಮುಖದಲ್ಲಿರುತ್ತದಲ್ಲ, ಅಂಥ ನೆಮ್ಮದಿ ಅಲ್ಲಿತ್ತು. ಅಕ್ಕನೂ ಅದನ್ನು ನೋಡಿದಳು.