ಬಸ್‌ಸ್ಟ್ಯಾಂಡಿನ ಗೋಡೆ ಕದ್ದ ಪದ

ಕಂಡಕ್ಟರ್ ಗಣಪ ಮತ್ತೊಮ್ಮೆ "ರೈಟ್" ಅಂದ. ಬಸ್ಸು ಕದಲಲಿಲ್ಲ.

ಕೊಪ್ಪ ದಾಟಿ ಶೃಂಗೇರಿ ರಸ್ತೆಯ ಒಂದು ತಿರುವು. ಇಳಿಯುವವರು ಇಳಿದಿದ್ದರು, ಹತ್ತುವವರು ಹತ್ತಿದ್ದರು. ಡ್ರೈವರ್ ಮಾತ್ರ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದ.

ಕೈ ನಡುಗುತ್ತಿತ್ತು. ಇಂಜಿನ್ನಿನ ನಡುಕ ಅಂದುಕೊಂಡೆ... ಇಂಜಿನ್ ಆಫ್ ಆಗಿತ್ತು.

ಆ ಡ್ರೈವರ್ ನನ್ನ ಅಣ್ಣ.

"ಎಂತದು, ನಿದ್ದೆಯಾ? ಡ್ರೈವರಿಗೆ ಒಂದು ಕಾಫಿ ಕೊಡ್ಸಿ ಮಾರಾಯ್ರೆ!" ಹಿಂದಿನ ಸೀಟಿನಿಂದ ಯಾರೋ ಕೂಗಿದರು. ಇಡೀ ಬಸ್ಸು ನಕ್ಕಿತು.

ನಾನು ಎದ್ದು ಹೋಗಿ ಭುಜ ಮುಟ್ಟಿದೆ. ಅವನು ನನ್ನ ಕಡೆ ತಿರುಗಲಿಲ್ಲ.

"ಕಾಲು ಬ್ರೇಕ್ ಬಿಡ್ತಾ ಇಲ್ಲ ಮಾರಾಯ್ತಿ" ಅಂದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಸ್ಟೀರಿಂಗ್ ಬಿಟ್ಟು ಬರಲಿಲ್ಲ.

ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತುತ್ತಿದ್ದ ಕಾಲ ಅದು. ನಾನು ಶೃಂಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರ್. ದಿನವೂ ಹೋಗುತ್ತಿದ್ದದ್ದು ಅಣ್ಣನ ಬಸ್ಸಿನಲ್ಲೇ.

ಎನ್.ಆರ್. ಪುರ, ಕೊಪ್ಪ, ಶೃಂಗೇರಿ. ಮತ್ತೆ ಅದೇ ದಾರಿಯಲ್ಲಿ ವಾಪಸ್. ಹಿಂದೆಯೇ ಇನ್ನೊಬ್ಬರ ಬಸ್ಸು. ಸ್ವಲ್ಪ ತಡವಾದರೂ ಸ್ಟ್ಯಾಂಡಿನಲ್ಲಿ ಟೈಮಿಂಗ್ ಜಗಳ.

ಅಣ್ಣನ ಗಾಡಿಗಿದ್ದ ಇನ್ನೊಬ್ಬ ಡ್ರೈವರ್ ಕೆಲಸ ಬಿಟ್ಟಿದ್ದ. "ಸ್ವಲ್ಪ ದಿನ ನೀನೇ ಸುಧಾರಿಸು" ಅಂದರು ಮಾಲೀಕರು. ಆ ಸ್ವಲ್ಪ ದಿನ ಮಳೆಗಾಲಗಳನ್ನೇ ದಾಟಿತು.

ಅಣ್ಣನ ಮೈ ಮೊದಲೇ ಹೇಳಿತ್ತು. ಊಟಕ್ಕೆ ಕೂತಾಗ ಅಡುಗೆಮನೆಯಲ್ಲಿ ಒಂದು ಮುಚ್ಚಳ ಬಿದ್ದರೆ ಅವನ ಬಲಗಾಲು ನೆಲವನ್ನು ಜೋರಾಗಿ ಒತ್ತುತ್ತಿತ್ತು. ನಿದ್ದೆ ಹೋಗಿತ್ತು. ಹಾಸ್ಯಕ್ಕೆ ಹೆಸರಾಗಿದ್ದವನು ಸುಮ್ಮಸುಮ್ಮನೆ ರೇಗುತ್ತಿದ್ದ.

ತಿರುವಿನಲ್ಲಿ ಬಸ್ಸು ನಿಲ್ಲುವುದಕ್ಕೆ ಎಷ್ಟೋ ತಿಂಗಳ ಮೊದಲೇ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ.

"ಅಪಾಯ ಕಂಡಾಗ ಮೈ ಬಿಗಿಯಾಗೋದು ಸರಿ" ಅಂದರು ಅವರು. "ಆದ್ರೆ ಅಪಾಯ ಮುಗೀತು ಅಂತ ನಿಮ್ಮ ಮೈಗೆ ಯಾರೂ ಹೇಳೇ ಇಲ್ಲ. ಗಾಡಿ ನಿಂತ ಮೇಲೂ ಆಕ್ಸಿಲರೇಟರ್ ತುಳಿದುಕೊಂಡೇ ಕೂತ ಹಾಗೆ ಆಗಿದೆ. ಕೆಲವು ತಿಂಗಳು ರಜೆ ಹಾಕಿ. ನಿದ್ದೆ ಮಾಡಿ, ನಡೀರಿ, ಕಾಫಿ ಕಮ್ಮಿ ಮಾಡಿ. ಸುಧಾರಿಸ್ಕೊಳ್ಳಿ."

ಮಾಲೀಕರು ಹೇಳಿದ್ದೂ ಸುಧಾರಿಸು ಅಂತಲೇ. ಅದೇ ಮಾತು, ಅರ್ಥ ಮಾತ್ರ ತದ್ವಿರುದ್ಧ.

ಕಾಯಿಲೆಯ ಹೆಸರೇನು ಅಂತ ಅಣ್ಣ ಕೇಳಿದ. ಡಾಕ್ಟರು ಸರಳ ಮಾಡಲು ನೋಡಿದರು. "ನರಗಳು ಸೋತಿವೆ. ನರ ದೌರ್ಬಲ್ಯ ಅಂದ್ಕೊಳ್ಳಿ."

ಆ ಪದ ಅವನನ್ನು ಮುಗಿಸಿತು.

ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟರಿಗೆ ಅಣ್ಣ ಪ್ರಾಮಾಣಿಕವಾಗಿ ಹೇಳಿದ, ನರ ದೌರ್ಬಲ್ಯ ಅಂತೆ, ರಜೆ ಬೇಕು ಅಂತ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಅದೇ ಪದ ಕೆಂಪಕ್ಷರದಲ್ಲಿ ಇತ್ತು... ಪುರುಷತ್ವಕ್ಕೆ ಮದ್ದು ಕೊಡುವ, ಲಾಡ್ಜಿಗೆ ಬಂದು ಹೋಗುವ ಪಂಡಿತರ ಪೋಸ್ಟರ್.

"ಎಂತ ಮಾರಾಯಾ, ಗಾಡಿ ಸ್ಟಾರ್ಟೇ ಆಗ್ತಿಲ್ವಾ? ತಳ್ಳಕ್ಕೆ ಜನ ಬೇಕಾ?" ಅಂದರು ಏಜೆಂಟರು.

"ಭಾನುವಾರ ಲಾಡ್ಜಿಗೆ ಹೋಗು, ಸೆಲ್ಫ್ ಸ್ಟಾರ್ಟ್ ಮಾಡಿ ಕಳಿಸ್ತಾರೆ!" ಪಕ್ಕದಲ್ಲಿದ್ದವರು ಸೇರಿಸಿದರು.

ಇದನ್ನೆಲ್ಲ ನನಗೆ ಆಮೇಲೆ ಹೇಳಿದವನು ಗಣಪ. ಅಣ್ಣನೂ ಅವರ ಜೊತೆ ನಕ್ಕನಂತೆ. ಮರುದಿನ ಎಂದಿನಂತೆ ಡ್ಯೂಟಿಗೆ ಹೋದ. ಡಾಕ್ಟರು ಕೊಟ್ಟ ಮಾತ್ರೆಗಳು ಬಚ್ಚಲೊಲೆಗೆ ಬಿದ್ದವು.

ಆದರೂ ತಮಾಷೆ ನಿಲ್ಲಲಿಲ್ಲ. ಅತ್ತಿಗೆ ಅಂಗಡಿಗೆ ಹೋದರೆ ಅಲ್ಲೂ ಮುಸಿಮುಸಿ ನಗು.

ನನಗೆ ಇವತ್ತಿಗೂ ಸಿಟ್ಟು ಆರಿಲ್ಲ. ಕೈ ಮುರಿದರೆ ನಮ್ಮ ಜನ ಹಣ್ಣು ತಂದು ಮಾತಾಡಿಸುತ್ತಾರೆ. ನರ ಸೋತರೆ ಕಣ್ಣು ಮಿಟುಕಿಸುತ್ತಾರೆ. ಒಬ್ಬನ ಮೇಲೆ ಇಬ್ಬರ ಕೆಲಸ ಹೇರಿದವರ ಬಗ್ಗೆ ಒಬ್ಬರಾದರೂ ಒಂದು ಜೋಕ್ ಮಾಡಿದರಾ?

ಹೀಗೆ ಎಳೆದೂ ಎಳೆದೂ ಆ ತಿರುವಿಗೆ ಬಂದು ನಿಂತದ್ದು.

ಅವತ್ತು ಬಸ್ಸನ್ನು ಬೇರೆ ಡ್ರೈವರ್ ಬಂದು ತೆಗೆದುಕೊಂಡು ಹೋದರು. ನಾನು ಅಣ್ಣನನ್ನು ಮತ್ತೆ ಅದೇ ಡಾಕ್ಟರ ಎದುರು ಕೂರಿಸಿದೆ. ಅವರು ಬೈಯಲಿಲ್ಲ. "ಆವಾಗಲೇ ರಜೆ ಹಾಕಿದ್ದಿದ್ರೆ..." ಅಂದವರು ಅಲ್ಲಿಗೇ ನಿಲ್ಲಿಸಿದರು.

ಸುಧಾರಿಕೆ ಅಂದರೆ ಮಾತ್ರೆ ನುಂಗಿ ಎದ್ದು ಓಡುವುದಲ್ಲ, ಮನೆಯವರೆಲ್ಲ ಅದನ್ನು ಆಗ ಕಲಿತೆವು. ಅತ್ತಿಗೆ ಗೋಡೆ ಗಡಿಯಾರ ಇಳಿಸಿ ಟ್ರಂಕಿಗೆ ಹಾಕಿದಳು. ಅವನು ಹಗಲು ಮಲಗಿದರೆ ಯಾರೂ ಏನೂ ಅನ್ನಬಾರದು ಅಂತ ಮನೆಯಲ್ಲಿ ಕಟ್ಟುನಿಟ್ಟು.

ಬೆಳಿಗ್ಗೆ ಬಸ್ಸು ಓಡಾಡದ ದಾರಿಯಲ್ಲಿ ನಡೆಯುತ್ತಿದ್ದ. ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಬಿಡಬೇಕು ಅಂದಿದ್ದರು ಡಾಕ್ಟರು.

"ಗಾಡಿ ನಿಂತಾಗ ಏರ್ ಬ್ರೇಕ್ ಉಸ್ಸ್ ಅನ್ನುತ್ತಲ್ಲ, ಹಂಗೆ" ಅಂದ ಒಂದು ದಿನ, ಮಾಡಿ ತೋರಿಸಿದ. ಎಷ್ಟೋ ಕಾಲದ ಮೇಲೆ ಅವನು ಹಾಸ್ಯ ಮಾಡಿದ್ದ. ಅತ್ತಿಗೆ ಒಳಗೆ ಹೋಗಿ ಅತ್ತಳು.

ನಿದ್ದೆ ಮರಳಿತು. ಊಟ ಸೇರಿತು. ಕೈಯ ನಡುಕ ನಿಂತಿತು.

ಡ್ರೈವಿಂಗ್ ಮಾತ್ರ ಮರಳಲಿಲ್ಲ. ಒಮ್ಮೆ ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತು ನೋಡಿದ, ಬೆವರಿ ಇಳಿದುಬಂದ. ಮತ್ತೆಂದೂ ಹತ್ತಲಿಲ್ಲ. ಅವನಿಗೆ ಇಷ್ಟವಿದ್ದದ್ದು ಅದೊಂದೇ ಕೆಲಸ.

ಈಗ ಬಸ್ಸು ಹತ್ತಿದರೆ ಅವನಿಗೆ ಕೊನೆಯ ಸೀಟೇ ಬೇಕು, ರಸ್ತೆ ಕಾಣಬಾರದು. ಆದರೂ ಪ್ರತಿ ತಿರುವಿಗೂ ಅವನ ಬಲಗಾಲು ನೆಲ ಒತ್ತುತ್ತದೆ. ನಾನು ಪಕ್ಕದಲ್ಲಿ ಕೂತು, ನೋಡದವಳ ಹಾಗೆ ಕಿಟಕಿಯ ಹೊರಗೆ ನೋಡುತ್ತೇನೆ.

ಮೊನ್ನೆ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ಹಳೇ ಪರಿಚಯದವರೊಬ್ಬರು ಸಿಕ್ಕರು. "ಅಷ್ಟು ಒಳ್ಳೇ ಡ್ರೈವರು, ಯಾಕೆ ಬಿಟ್ರಿ ಮಾರಾಯ್ರೆ?" ಅಂದರು.

ಅಣ್ಣ ಗೋಡೆಯ ಕಡೆ ನೋಡಿದ. ಪೋಸ್ಟರ್ ಹೊಸದು, ಪದ ಅದೇ.

"ಬೆನ್ನು ನೋವು" ಅಂದ.

ಇದನ್ನು ಬರೆಯಲಾ ಅಂತ ಅವನನ್ನು ಕೇಳಿದೆ. "ಬರಿ. ಹೆಸರು ಬೇಡ" ಅಂದ.

ಕೇಳಿದವರು ನಗದ ಹಾಗೆ ಈ ಕಾಯಿಲೆಯನ್ನು ಹೇಳಿಕೊಳ್ಳಲು ಒಂದು ಪದ ನಿಮ್ಮ ಕಡೆ ಉಂಟಾ? ಇದ್ದರೆ ಹೇಳಿ, ಅಣ್ಣನಿಗೆ ಬೇಕಾಗಿದೆ.